ಕೊನ್ಸುಯೆಗ್ರಾ
ಸ್ಪೇನಿನ ತೊಲೆದೊ ಪ್ರಾಂತ್ಯದ, ಲಾ ಮಾಂಚಾ ಬಯಲಿನ ಪುಟ್ಟ ಪಟ್ಟಣ. ಕಾಲ್ದೆರಿಕೊ ಗುಡ್ಡದ ಮೇಲೆ 12 ಗಾಳಿಗಿರಣಿಗಳೂ ಸಂತ ಯೋಹಾನರ ಯೋಧಪಂಥಕ್ಕೆ ಸೇರಿದ್ದ ಕೋಟೆಯೂ ಇವೆ. ಪ್ರವಾಸಿಗರು ಗಿರಣಿಗಳನ್ನು ನೋಡಿ ಮರಳುತ್ತಾರೆ. ಆದರೆ ಊರಿನ ನಿಜವಾದ ಹೆಮ್ಮೆ ಕೇಸರಿ. ಬೇಸಿಗೆಯಲ್ಲಿ ಗೆಡ್ಡೆ ನೆಟ್ಟರೆ ಅಕ್ಟೋಬರ್ ಕೊನೆಯ ಹೊತ್ತಿಗೆ ನೇರಳೆ ಹೂ ಅರಳುತ್ತದೆ. ಬಿಸಿಲಿಗೆ ಬಾಡುವ ಮುನ್ನ, ನಸುಕಿನಲ್ಲೇ, ಬಗ್ಗಿ ಕೈಯಿಂದಲೇ ಬಿಡಿಸಬೇಕು. ಅದೇ ದಿನ ಮನೆಮಂದಿಯೆಲ್ಲ ಮೇಜಿನ ಸುತ್ತ ಕುಳಿತು ಒಂದೊಂದು ಹೂವಿನಿಂದಲೂ ಮೂರು ಕೆಂಪು ಎಳೆಗಳನ್ನು ಬೇರ್ಪಡಿಸಿ, ಜರಡಿಯಲ್ಲಿ ಹರಡಿ ಹದವಾದ ಶಾಖದಲ್ಲಿ ಒಣಗಿಸುತ್ತಾರೆ. ಒಣಗಿದಾಗ ತೂಕ ಐದನೇ ಒಂದು ಭಾಗಕ್ಕಿಳಿಯುತ್ತದೆ. ಒಂದು ಕಿಲೋ ಒಣ ಕೇಸರಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಹೂ ಬೇಕು. ದುಬಾರಿ ಎಂದು ಗೊಣಗುವವರು ಈ ಲೆಕ್ಕ ನೋಡಬೇಕು! 1963ರಿಂದ ನಡೆದುಬಂದಿರುವ ಕೇಸರಿ ಹೂವಿನ ಹಬ್ಬದಲ್ಲಿ ಎಳೆ ಬಿಡಿಸುವ ಸ್ಪರ್ಧೆಯೇ ಮುಖ್ಯ ಆಕರ್ಷಣೆ. ಆಗ ಹಳೆಯ ಗಿರಣಿಯೊಂದರಲ್ಲಿ ಗೋಧಿಯನ್ನೂ ಬೀಸುತ್ತಾರೆ.