ಬರಹದ ತರಗತಿ ಮತ್ತು ಗಣಕಜಾಲ: ಅಮೆರಿಕದ ಕಾಲೇಜುಗಳ ಒಂದು ಚರಿತ್ರೆ

ಅಮೆರಿಕದ ಬಹುಪಾಲು ಕಾಲೇಜುಗಳಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳು ಕಲಿಯಬೇಕಾದ ಬರವಣಿಗೆಯ ಪಾಠಕ್ರಮವೊಂದಿದೆ. ಹಾರ್ವರ್ಡ್‌ನಲ್ಲಿ 1885ರ ಸುಮಾರಿಗೆ ನೆಲೆಗೊಂಡ ಈ ಕ್ರಮ ಮುಂದೆ ಇತರೆಡೆಗೂ ಹರಡಿತು. ರಾಶಿಗಟ್ಟಲೆ ಪ್ರಬಂಧಗಳನ್ನು ತಿದ್ದುವ ದುಡಿಮೆ ಅಂದಿನಿಂದಲೂ ಅದರ ಬೆನ್ನಿಗಂಟಿದೆ. ಈ ಪಾಠಕ್ರಮ ಗಣಕಜಾಲಕ್ಕೆ ಸರಿದ ಬಗೆಯನ್ನು ತಂತ್ರಜ್ಞಾನದ ಚರಿತ್ರೆಯಾಗಿ ನೋಡುವುದು ರೂಢಿ. ಮಾತು-ಬರಹಗಳ ಸಂಬಂಧದ ಚರಿತ್ರೆಯಾಗಿಯೂ ಅದನ್ನು ಪರಿಶೀಲಿಸಬೇಕೆಂಬುದು ಪ್ರಸ್ತುತ ಲೇಖನದ ನಿಲುವು.

ವಾಷಿಂಗ್ಟನ್ನಿನ ಗಾಲಡೆಟ್ ಕಾಲೇಜು (1986ರಿಂದ ವಿಶ್ವವಿದ್ಯಾಲಯ) ಕಿವುಡರ ಉನ್ನತ ಶಿಕ್ಷಣಕ್ಕೆಂದೇ ಇರುವ ಸಂಸ್ಥೆ. ಅಲ್ಲಿನ ಅನೇಕ ವಿದ್ಯಾರ್ಥಿಗಳ ಆಡುನುಡಿ ಸಂಜ್ಞಾಭಾಷೆ. ಇಂಗ್ಲಿಷ್ ಅವರಿಗೆ ಹೆಚ್ಚಾಗಿ ಪುಸ್ತಕದ ಮೂಲಕ ಬರುವ, ಹರಟೆಗೆ ಒದಗದ ಭಾಷೆ. 1985ರಲ್ಲಿ ಟ್ರೆಂಟ್ ಬ್ಯಾಟ್ಸನ್ ಅವರು ಒಂದೇ ಕೋಣೆಯ ಗಣಕಗಳನ್ನು ಜೋಡಿಸಿ, ಶಿಕ್ಷಕರೂ ವಿದ್ಯಾರ್ಥಿಗಳೂ ಬೆರಳಚ್ಚಿಸುತ್ತಲೇ ಸಂವಾದಿಸುವ ತರಗತಿಯನ್ನು ಆರಂಭಿಸಿದರು. ಒಬ್ಬರು ಬರೆದುದು ಕೂಡಲೇ ಎಲ್ಲರ ಪರದೆಯ ಮೇಲೂ ಮೂಡುತ್ತಿತ್ತು. ಹೇಳುವವರೂ ಕೇಳುವವರೂ ಎದುರುಬದುರಾಗಿರುವುದು ಮೌಖಿಕ ಪರಂಪರೆಯ ಲಕ್ಷಣವೆಂದು ಜಾನಪದ ವಿದ್ವಾಂಸರು ಹೇಳುತ್ತ ಬಂದಿದ್ದಾರೆ. ಇಲ್ಲಿ ಆ ಲಕ್ಷಣ ಬರಹಕ್ಕೇ ಒದಗಿತು.

ಬೇರೆ ಕಾಲೇಜುಗಳೂ ಈ ದಾರಿ ಹಿಡಿದವು. ಆಸ್ಟಿನ್ನಿನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಡೆಡಲಸ್ ಎಂಬ ತಂತ್ರಾಂಶ ರೂಪುಗೊಂಡಿತು. ಅದನ್ನು ಕಟ್ಟಿದವರಲ್ಲೊಬ್ಬರಾದ ಫ್ರೆಡ್ ಕೆಂಪ್ ಅವರು 2002ರಲ್ಲಿ ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದಲ್ಲಿ ತಂದ ವ್ಯವಸ್ಥೆ ಮಾತ್ರ ಬೇರೆಯೇ ದಿಕ್ಕಿನದು. ತರಗತಿಯಲ್ಲಿ ಪಾಠ ಹೇಳುವವರು ಒಬ್ಬರು. ದತ್ತಸಂಚಯಕ್ಕೆ ಸೇರಿದ ಬರಹಗಳನ್ನು, ಬರೆದವರಾರೆಂದು ತಿಳಿಯದೆ, ಓದಿ ಅಂಕ ಕೊಡುವವರು ಬೇರೆಯವರು. ಇಬ್ಬರು ಕೊಟ್ಟ ಅಂಕಗಳಲ್ಲಿ ಹೆಚ್ಚು ಅಂತರವಿದ್ದರೆ ಮೂರನೆಯವರು ಓದುತ್ತಿದ್ದರು. ಪಕ್ಷಪಾತಕ್ಕೆ ಎಡೆಗೊಡದಿರುವ ಈ ಉದ್ದೇಶವನ್ನು ಅಲ್ಲಗಳೆಯಲಾಗದು. ಆದರೆ ನಮ್ಮ ಹಳೆಯ ಜಾನಪದ ಸಂಗ್ರಹಗಳಲ್ಲಿ ಹಾಡಿದವರ ಹೆಸರು, ಊರು, ಸಂದರ್ಭಗಳಿಲ್ಲದೆ ಪಠ್ಯವಷ್ಟೇ ಅಚ್ಚಾದಾಗ ಏನು ಕಳೆದುಹೋಯಿತೋ ಅದೇ ಇಲ್ಲಿಯೂ ಕಳೆಯಿತೆನ್ನಬೇಕು. ಎರಡನೆಯ ಕರಡಿನಲ್ಲಿ ವಿದ್ಯಾರ್ಥಿ ಎಡವಿದ್ದು ಮೊದಲಿಗಿಂತ ಕಠಿಣವಾದುದನ್ನು ಹೇಳಹೊರಟದ್ದರಿಂದ ಎಂಬುದು ಆ ವಿದ್ಯಾರ್ಥಿಯನ್ನು ಬಲ್ಲವರಿಗಷ್ಟೇ ಕಾಣುತ್ತದೆ.

ಕಾಲೇಜು ಬರವಣಿಗೆಯ ಅಧ್ಯಾಪಕರು 1949ರಲ್ಲಿ ಕಟ್ಟಿಕೊಂಡ ರಾಷ್ಟ್ರೀಯ ಸಮ್ಮೇಳನವು 2013ರಲ್ಲಿ ಜಾಲಬೋಧನೆಗೆ 15 ಸೂತ್ರಗಳನ್ನು ಪ್ರಕಟಿಸಿತು. ಅಂಗವಿಕಲರೂ ಸೇರಿದಂತೆ ಎಲ್ಲರಿಗೂ ತರಗತಿ ಎಟುಕಬೇಕೆಂಬುದು ಮೊದಲ ಸೂತ್ರ. ಕಿವುಡ ವಿದ್ಯಾರ್ಥಿಗಳ ನಡುವೆ ಮೊಳೆತ ಪದ್ಧತಿಗೆ 28 ವರ್ಷಗಳ ತರುವಾಯ ಇದನ್ನು ನೆನಪಿಸಬೇಕಾಯಿತು! ತರಗತಿಯಲ್ಲಿ 20ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರಬಾರದು, 15 ಆದರೆ ಲೇಸು ಎಂದೂ ಅದು ಹೇಳಿತು. ಇದು ಶಿಫಾರಸು, ಕಾಲೇಜುಗಳನ್ನು ಕಟ್ಟಿಹಾಕುವ ನಿಯಮವಲ್ಲ. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ತರಗತಿಗಳು ನಡುಸತ್ರದಲ್ಲೇ ಜಾಲಕ್ಕೆ ಸರಿದಾಗ, ಇದ್ದ ಗಾತ್ರದಲ್ಲೇ ಸರಿದವು.