ಪೋರ್ಚುಗೀಸ್ ಸರ್‌ನೇಮ್ ಇದ್ದರೆ ಪೂರ್ವಜರೂ ಪೋರ್ಚುಗೀಸರೇ? ಹಳೆಯ ಚರ್ಚ್ ದಾಖಲೆಗಳಲ್ಲಿ ಹುಡುಕುವುದು ಹೇಗೆ?

ಡಿಸೋಜ, ಪಿಂಟೊ, ಫೆರ್ನಾಂಡಿಸ್, ಲೋಬೊ ಮುಂತಾದವು ಕರಾವಳಿಯ ಕ್ಯಾಥೊಲಿಕ್ ಮನೆಗಳಲ್ಲಿ ತೀರಾ ಸಾಮಾನ್ಯವಾದ ಹೆಸರುಗಳು. ಈ ಸರ್‌ನೇಮ್ ಇರುವವರೆಲ್ಲ ಪೋರ್ಚುಗೀಸ್ ವಂಶಸ್ಥರು, ಹಾಗಾಗಿ ಪೋರ್ಚುಗಲ್ ಪೌರತ್ವಕ್ಕೂ ಅರ್ಹರು ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದನ್ನು ನಂಬಿ ಯಾರಿಗಾದರೂ ಹಣ ಕಟ್ಟುವ ಮೊದಲು ನಿಜ ಏನೆಂದು ನೋಡೋಣ.

ಸರ್‌ನೇಮ್ ಏನು ಹೇಳುತ್ತದೆ?

ಗೋವಾದಲ್ಲಿ ಮತಾಂತರವಾದವರಿಗೆ ಜ್ಞಾನಸ್ನಾನದ ವೇಳೆ ಪಾದ್ರಿಯ ಅಥವಾ ಗಾಡ್‌ಫಾದರ್‌ನ ಸರ್‌ನೇಮ್ ಇಡುವ ರೂಢಿಯಿತ್ತು. ಹಾಗಾಗಿ ಇಬ್ಬರು ಪಿಂಟೊಗಳು ಸಂಬಂಧಿಕರೇ ಆಗಿರಬೇಕೆಂದಿಲ್ಲ, ಅವರ ಮೂಲ ಪೋರ್ಚುಗಲ್ ಆಗಿರಬೇಕೆಂದೂ ಇಲ್ಲ. ಮಂಗಳೂರಿನ ಹಲವು ಕ್ರೈಸ್ತ ಕುಟುಂಬಗಳು ಪ್ರಭು, ಕಾಮತ್, ಪೈ, ಶೇಟ್ ಮುಂತಾದ ಹಳೆಯ ಮನೆತನದ ಹೆಸರುಗಳನ್ನು ಇಂದಿಗೂ ನೆನಪಿಟ್ಟುಕೊಂಡಿವೆ.

ಪೌರತ್ವದ ವಿಷಯವೂ ಹೀಗೆಯೇ. ಗೋವಾದವರ ಅರ್ಜಿಗಳಿಗೆ ಆಧಾರ, 1961ರ ಡಿಸೆಂಬರ್ 19ಕ್ಕೆ ಮುನ್ನ, ಅಂದರೆ ಪೋರ್ಚುಗೀಸ್ ಆಡಳಿತದ ಕಾಲದಲ್ಲಿ, ಅಲ್ಲಿ ಆದ ಜನನದ ದಾಖಲೆ. ಅದಕ್ಕೆ ಸರ್‌ನೇಮ್ ಸಾಲದು. ಭಾರತದ ಕಾನೂನಿನಲ್ಲಿ ಎರಡು ದೇಶಗಳ ಪೌರತ್ವಕ್ಕೆ ಅವಕಾಶವಿಲ್ಲ ಎಂಬುದೂ ನೆನಪಿರಲಿ.

ಚರ್ಚ್‌ಗಳಲ್ಲಿ ದಾಖಲೆ ಏಕಿದೆ?

1545ರಿಂದ 1563ರವರೆಗೆ ನಡೆದ ಟ್ರೆಂಟ್ ಧರ್ಮಸಭೆ, ಕ್ಯಾಥೊಲಿಕ್ ಚರ್ಚ್‌ಗಳು ಜ್ಞಾನಸ್ನಾನ ಮತ್ತು ಮದುವೆಯ ಪುಸ್ತಕ ಇಡಬೇಕೆಂದು ವಿಧಿಸಿತು. 1614ರ ನಂತರ ಮರಣದ ದಾಖಲೆಯೂ ಸೇರಿತು. ಜ್ಞಾನಸ್ನಾನದ ನಮೂದಿನಲ್ಲಿ ಸಾಮಾನ್ಯವಾಗಿ ಮಗುವಿನ ಹೆಸರು, ದಿನಾಂಕ, ತಂದೆ-ತಾಯಿ, ಗಾಡ್‌ಫಾದರ್, ಗಾಡ್‌ಮದರ್ ಮತ್ತು ಪಾದ್ರಿಯ ಹೆಸರು ಇರುತ್ತವೆ. 1908ರಿಂದ ಈಚೆಗೆ, ಅದೇ ನಮೂದಿನ ಪಕ್ಕದಲ್ಲಿ ಆ ವ್ಯಕ್ತಿಯ ಮದುವೆಯ ವಿವರವನ್ನೂ ಬರೆಯುವ ನಿಯಮ ಬಂತು. ಬೇರೆ ಊರಿಗೆ ಮದುವೆಯಾಗಿ ಹೋದ ಅಜ್ಜಿಯ ಜಾಡು ಹಿಡಿಯಲು ಇದು ತುಂಬ ಉಪಯುಕ್ತ.

ಎಲ್ಲಿಂದ ಶುರು ಮಾಡಬೇಕು?

ಮನೆಯಿಂದಲೇ. ತಂದೆ-ತಾಯಿ, ಅಜ್ಜ-ಅಜ್ಜಿಯ ಹೆಸರು, ಊರು, ಅಂದಾಜು ವರ್ಷ ಬರೆದುಕೊಳ್ಳಿ. ಆಮೇಲೆ ಆ ಊರಿನ ಚರ್ಚ್ ಕಚೇರಿಗೆ ಲಿಖಿತ ಮನವಿ ಕೊಡಿ. ತಿಳಿದ ತಲೆಮಾರಿನಿಂದ ತಿಳಿಯದ ತಲೆಮಾರಿಗೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಬೇಕು. 300 ವರ್ಷ ಹಿಂದಿನ ಯಾರೋ ಒಬ್ಬರಿಂದ ಶುರುಮಾಡಿ ಕೆಳಗೆ ಬಂದರೆ ದಾರಿ ತಪ್ಪುವುದೇ ಹೆಚ್ಚು.

ಎಲ್ಲಿಯವರೆಗೆ ಸಿಗುತ್ತದೆ?

1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಅನೇಕ ಚರ್ಚ್‌ಗಳು ನಾಶವಾದವು. ಬದುಕುಳಿದವರು ಮರಳಿದ್ದು 1799ರ ನಂತರ. ಆದ್ದರಿಂದ ಇಲ್ಲಿನ ಬಹಳಷ್ಟು ಕುಟುಂಬಗಳ ಕಾಗದದ ಜಾಡು ಅಲ್ಲಿಗೇ ಕಡಿದುಹೋಗುತ್ತದೆ. ಅದಕ್ಕೂ ಹಿಂದೆ ಹೋಗಬೇಕಾದರೆ ಪೂರ್ವಜರ ಗೋವಾದ ಹಳ್ಳಿ ಯಾವುದೆಂದು ಗೊತ್ತಿರಬೇಕು. 'ಗೋವಾದಿಂದ ಬಂದವರು' ಎಂದಷ್ಟೇ ತಿಳಿದರೆ ಸಾಲದು.

ಕ್ಯಾಥೊಲಿಕರಲ್ಲದವರಿಗೆ ಬೇರೆ ದಾರಿಗಳಿವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನ ದಾಖಲೆಗಳು ಸ್ವಿಟ್ಜರ್‌ಲೆಂಡ್‌ನ ಬಾಸೆಲ್‌ನಲ್ಲಿವೆ. ಬೆಂಗಳೂರು, ಕೋಲಾರದ ಚಿನ್ನದ ಗಣಿ ಪ್ರದೇಶಗಳ ಆಂಗ್ಲೋ ಇಂಡಿಯನ್ ಕುಟುಂಬಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳನ್ನು ನೋಡಬಹುದು. ಬ್ರಿಟಿಷ್ ಇಂಡಿಯಾದ ಚರ್ಚ್‌ಗಳಿಂದ ಜ್ಞಾನಸ್ನಾನ, ಮದುವೆ, ಅಂತ್ಯಕ್ರಿಯೆಗಳ ಪ್ರತಿಗಳು ಅಲ್ಲಿಗೆ ಹೋಗುತ್ತಿದ್ದವು.

ಓದುವಾಗ ಎಲ್ಲಿ ಎಡವುತ್ತೇವೆ?

* ಜ್ಞಾನಸ್ನಾನದ ದಿನ ಹುಟ್ಟಿದ ದಿನವಲ್ಲ. ಎರಡೂ ಬೇರೆ ಬೇರೆ ಇರಬಹುದು.
* ಹಳೆಯ ನಮೂದುಗಳು ಲ್ಯಾಟಿನ್ ಅಥವಾ ಪೋರ್ಚುಗೀಸ್‌ನಲ್ಲಿರುತ್ತವೆ. ತಿಂಗಳ ಹೆಸರಿನ ಮೊದಲಿಗೆ 7 ಎಂದು ಬರೆದು ಮುಂದೆ 'ಬ್ರಿಸ್' ಎಂದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. ಲ್ಯಾಟಿನ್‌ನಲ್ಲಿ 'ಸೆಪ್ಟೆಮ್' ಎಂದರೆ ಏಳು.
* ಒಂದೇ ಊರಿನಲ್ಲಿ ಒಂದೇ ಹೆಸರಿನವರು ಹಲವರಿರುತ್ತಾರೆ. ತಂದೆ, ತಾಯಿ, ಗಾಡ್‌ಪೇರೆಂಟ್‌ಗಳ ಹೆಸರು ಹೊಂದದೆ 'ಇವರೇ ನಮ್ಮವರು' ಎನ್ನಬೇಡಿ.
* ಮರಣದ ಪುಸ್ತಕದಲ್ಲಿರುವ ವಯಸ್ಸು ಎಷ್ಟೋ ಸಲ ಅಂದಾಜಿನದು.
* ಫ್ಯಾಮಿಲಿ‌ಸರ್ಚ್‌ನಂಥ ಉಚಿತ ವೆಬ್‌ಸೈಟುಗಳಲ್ಲಿ ಇತರರು ಹಾಕಿದ ವಂಶವೃಕ್ಷಗಳು ಸುಳಿವು ಮಾತ್ರ. ಮೂಲ ಪುಟದ ಚಿತ್ರ ನೋಡದೆ ಒಪ್ಪಬೇಡಿ.

ಇನ್ನೊಂದು ಮಾತು. ದತ್ತು, ವಿವಾಹಬಾಹಿರ ಜನನದಂಥ ವಿವರಗಳೂ ಈ ಪುಸ್ತಕಗಳಲ್ಲಿರುತ್ತವೆ. ಪುಟದ ಫೋಟೊ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕುವ ಮೊದಲು, ಅದರಲ್ಲಿ ಬೇರೆಯವರ ಮನೆಯ ವಿಷಯವೂ ಇದೆಯೇ ಎಂದು ನೋಡಿ.

ನಮ್ಮ ತೀರ್ಮಾನ: ಸರ್‌ನೇಮ್‌ನಿಂದ ವಂಶ ತಿಳಿಯುತ್ತದೆ, ಪೌರತ್ವ ಸಿಗುತ್ತದೆ ಎಂಬ ಮಾತು ಸುಳ್ಳು. ಒಂದು ತಲೆಮಾರನ್ನು ಇನ್ನೊಂದಕ್ಕೆ ಜೋಡಿಸುವುದು ದಾಖಲೆಯ ನಮೂದು. ಅದು ಸಿಗದಿದ್ದಲ್ಲಿ ಜಾಗ ಖಾಲಿ ಬಿಡಿ, ಊಹೆಯಿಂದ ತುಂಬಬೇಡಿ.