ಹಾಸುಗಲ್ಲಿನ ಕೆಳಗೆ

ಅರಸೀಕೆರೆಯ ನಮ್ಮ ಹಳೆಯ ಮನೆಯ ನಡುಮನೆಯಲ್ಲಿ ಒಂದು ಹಾಸುಗಲ್ಲು ಕಾಲಿಟ್ಟಾಗಲೆಲ್ಲ ಕಟಕಟ ಎನ್ನುತ್ತಿತ್ತು. ಒಂದು ಬೆಳಗ್ಗೆ ನಮ್ಮ ತಾಯಿಯವರು ಅದರ ಮೇಲೆ ಎಡವಿ ಬಿದ್ದರು. ಇದ್ದ ಕಲ್ಲಿನ ಮೇಲೆಯೇ ಟೈಲ್ಸ್ ಹಾಕಿಸಿ ಮುಗಿಸೋಣವೆಂದು ನನ್ನ ಎಣಿಕೆ. ಗಾರೆಯ ಮೇಸ್ತ್ರಿ ಒಪ್ಪಲಿಲ್ಲ. "ಮೇಲೆ ಏನ್ ಹಾಕುದ್ರೂ ಅಷ್ಟೇ ಸ್ವಾಮಿ, ಅಡೀಲಿ ಗಟ್ಟಿ ಇರ್ಬೇಕು" ಎಂದವನೇ ಹಾರೆಯಿಂದ ಕಲ್ಲನ್ನು ಮೀಟಿಬಿಟ್ಟ. ಕೆಳಗೆ ಮಣ್ಣೇ ಇರಲಿಲ್ಲ. ಹೆಗ್ಗಣ ತೋಡಿದ ಬಿಲ! ಕಲ್ಲು ಎರಡು ಮೂಲೆಗಳಲ್ಲಿ ಮಾತ್ರ ಆತುಕೊಂಡಿತ್ತು.

ಆ ಭಾನುವಾರ ವಿದ್ಯಾರ್ಥಿಗಳೊಡನೆ ಬೇಲೂರಿಗೆ ಹೋದೆ. ಎಷ್ಟೋ ಸಲ ನೋಡಿದ ಗುಡಿ. ಆದರೆ ಅಂದು ಮೊದಲ ಬಾರಿಗೆ ಮದನಿಕೆಯರನ್ನು ಬಿಟ್ಟು ನೆಲವನ್ನು ನೋಡಿದೆ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿ ನಿಂತಿರುವುದು ಜಗತಿಯ ಮೇಲೆ. ಗೋಡೆಯ ಮೂಲೆಮೂಲೆಯನ್ನೂ ಅನುಸರಿಸಿ ಜಗತಿಯ ಅಂಚೂ ನಕ್ಷತ್ರದಂತೆ ಒಳಸೇರಿ ಹೊರಚಾಚುತ್ತದೆ. ನಾವು ಅದನ್ನು ಪ್ರದಕ್ಷಿಣೆಯ ದಾರಿಯೆಂದಷ್ಟೇ ಬಲ್ಲೆವು. ಕಲ್ಲಿಗೆ ಕಲ್ಲು ಗಾರೆಯಿಲ್ಲದೆ ಕೂರಿಸಿದ ಕಟ್ಟಡದಲ್ಲಿ ತಳ ಒಂದು ಬೆರಳು ಕುಸಿದರೂ ಮೇಲಿನ ಕೀಲೆಲ್ಲ ಸಡಿಲವಾಗುತ್ತದೆ. ಅದಕ್ಕೇ ಶಿಲ್ಪಿಯ ಮೊದಲ ಕೆಲಸ ಉಳಿಯಲ್ಲ, ಹಾರೆ ಗುದ್ದಲಿಗಳದು.

ಅಂಗಳದಲ್ಲಿ 42 ಅಡಿಯ ದೀಪಸ್ತಂಭವಿದೆ. ಅದನ್ನು ಹೂಳಿಲ್ಲ, ಬಿಗಿದಿಲ್ಲ. ಕಟ್ಟೆಯ ಮೇಲೆ ಸ್ವಂತ ಭಾರದಿಂದಲೇ ನಿಂತಿದೆ. ಬುಡದ ಒಂದು ಕಡೆ ಕಾಗದ ತೂರಿಸಿ ತೋರಿಸುವವರು ಇದನ್ನು ಪವಾಡವೆನ್ನುತ್ತಾರೆ. ಮೇಸ್ತ್ರಿಯನ್ನು ಕೇಳಿದ್ದರೆ ಬೇರೆಯೇ ಹೇಳುತ್ತಿದ್ದ: ಕೆಳಗಿನ ಕಟ್ಟೆ ಕದಲದಿದ್ದರೆ ಅಷ್ಟು ಭಾರದ ಕಂಬಕ್ಕೆ ಬೆಸುಗೆ ಏತಕ್ಕೆ? ಕಟಕಟ ಎನ್ನುವುದು ನಮ್ಮ ಮನೆಯ ತೆಳು ಕಲ್ಲು.

ಬೇಲೂರಿನಲ್ಲಿಯೂ ರಿಪೇರಿ ತಪ್ಪಿದ್ದಲ್ಲ. ವಿಜಯನಗರದ ಕಾಲದಲ್ಲಿ, 1381ರಲ್ಲಿ, ನಾಲ್ಕು ಕಣಶಿಲೆಯ ಕಂಬಗಳನ್ನು ಸೇರಿಸಿದರು. ಬಳಪದ ಕಲ್ಲಿನ ನುಣುಪಾದ ಕಂಬಗಳ ನಡುವೆ ಅವು ಒರಟಾಗಿ ಕಾಣುತ್ತವೆ. ನನಗೆ ಮಾತ್ರ ಅವು ಪ್ರಿಯ. 1879ರಲ್ಲಿ ಇನ್ನೂ ಕಠಿಣವಾದ ನಿರ್ಧಾರವಾಯಿತು. ಕೆಳಗಿನ ಕಟ್ಟಡದ ಭಾರ ಇಳಿಸಲೆಂದು ಇಟ್ಟಿಗೆ ಮರಗಳ ಶಿಖರವನ್ನೇ ಬಿಚ್ಚಿದರು. ಇಂದು ಗುಡಿ ಬೋಳಾಗಿದೆಯೆಂದು ಮರುಗುವವರುಂಟು. ಶಿಖರವನ್ನು ಉಳಿಸಹೊರಟು ನವರಂಗವನ್ನೇ ಕಳೆದುಕೊಂಡಿದ್ದರೆ?

ಹಳೇಬೀಡಿಗೆ ಬಂದರೆ ಈ ಪ್ರಶ್ನೆ ಇನ್ನೂ ಕಾಡುತ್ತದೆ. ಹೊಯ್ಸಳೇಶ್ವರನ ಗುಡಿಯ ಮುಂದೆ ಜನ ಗಿಜಿಗುಡುತ್ತಾರೆ. ಸಮೀಪದ ನಗರೇಶ್ವರದ ಬಯಲಿಗೆ ಹೋಗುವವರು ವಿರಳ. ಅಲ್ಲಿ ಅಗೆದಾಗ ಗುಡಿಗಳ ತಳಗಟ್ಟು ಹೊರಬಿತ್ತು. ಗೋಡೆಯಿಲ್ಲ, ಮಾಡಿಲ್ಲ, ತಳವಿದೆ. 2023ರಲ್ಲಿ ಯುನೆಸ್ಕೋ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನೋಡುವವರು ಹೆಚ್ಚಿದಷ್ಟೂ ಹಾಸುಗಲ್ಲಿನ ಮೇಲೆ ಪಾದಗಳೂ ಹೆಚ್ಚು.

ಸಂಜೆ ಮನೆಗೆ ಬಂದು ಮೇಸ್ತ್ರಿಗೆ ಪೂರ್ತಿ ಕೀಳಲು ಹೇಳಿದೆ. ಕಲ್ಲುಗಳಿಗೆ ಸುಣ್ಣದಲ್ಲಿ ಗುರುತಿಟ್ಟು ಅಂಗಳಕ್ಕೆ ಸಾಗಿಸಿದರು. ಬಿಲಕ್ಕೆ ಜಲ್ಲಿ ತುಂಬಿ, ನೀರು ಹಾಕಿ, ದಮ್ಮಸು ಮಾಡಿ, ಮೇಲೆ ಮರಳು ಹರಡಿ ಅವೇ ಕಲ್ಲುಗಳನ್ನು ಕೂರಿಸಿದರು. ಟೈಲ್ಸಿನ ಮಾತು ಮತ್ತೆ ಬರಲಿಲ್ಲ. ಕೀಳುವಾಗ ಒಂದು ಕಲ್ಲು ಮಾತ್ರ ಒಡೆಯಿತು; ಅಲ್ಲಿ ಕಡಪದ ಕಲ್ಲು ಹಾಕಿದ್ದಾರೆ. ಅಮ್ಮ ಅದನ್ನು ಬಳಸಿಕೊಂಡೇ ಅಡಿಗೆಮನೆಗೆ ಹೋಗುತ್ತಾರೆ.